ಕನ್ನಡ ಅಕ್ಷರ ದೊಡ್ಡದಾಗಬೇಕೆ? ಕ್ರೋಮ್ ಅಥವಾ ಫೈರ್‌ಫಾಕ್ಸ್

ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಎರಡರಲ್ಲೂ ಇಡೀ ಪುಟ ಹಿಗ್ಗುತ್ತದೆ. ಕಂಟ್ರೋಲ್ ಮತ್ತು 0 ಒತ್ತಿದರೆ ಮೊದಲಿನಂತೆ. 150% ದಾಟಿದ ಮೇಲೆ ಹಲವು ತಾಣಗಳು ಮೊಬೈಲ್ ವಿನ್ಯಾಸಕ್ಕೆ ಜಾರಿ, ಮೆನು ಮೂರು ಗೆರೆಯ ಗುರುತಿನೊಳಗೆ ಅಡಗುತ್ತದೆ. ಕೆಟ್ಟಿಲ್ಲ, ಗಾಬರಿ ಬೇಡ.

ವ್ಯತ್ಯಾಸ ಕಾಣುವುದು ಅಕ್ಷರವನ್ನಷ್ಟೇ ಹಿಗ್ಗಿಸುವಾಗ. ಕ್ರೋಮ್‌ನ ಸೆಟ್ಟಿಂಗ್ಸ್, ಅಪಿಯರೆನ್ಸ್, ಫಾಂಟ್ ಸೈಜ್‌ನಲ್ಲಿ 'ವೆರಿ ಲಾರ್ಜ್' ಆರಿಸಿದರೂ ಕೆಲವು ತಾಣ ಜಪ್ಪಯ್ಯ ಎನ್ನುವುದಿಲ್ಲ. ಅವು ಗಾತ್ರವನ್ನು ಪಿಕ್ಸೆಲ್‌ನಲ್ಲೇ ಕಟ್ಟಿಹಾಕಿರುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು 'ಕಸ್ಟಮೈಸ್ ಫಾಂಟ್ಸ್' ಒಳಗಿನ ಮಿನಿಮಮ್ ಫಾಂಟ್ ಸೈಜ್. 18ರಿಂದ ಶುರುಮಾಡಿ.

ಫೈರ್‌ಫಾಕ್ಸ್‌ನಲ್ಲಿ ಆಲ್ಟ್ ಒತ್ತಿ, ವ್ಯೂ, ಝೂಮ್, 'ಝೂಮ್ ಟೆಕ್ಸ್ಟ್ ಓನ್ಲಿ' ಆರಿಸಿ, ಆಮೇಲೆ ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಚಿತ್ರಗಳು ಇದ್ದಷ್ಟೇ ಇದ್ದು ಅಕ್ಷರ ಮಾತ್ರ ಬೆಳೆಯುತ್ತದೆ. ಒಂದೇ ಕಾಟ: ಎತ್ತರ ನಿಗದಿಯಾದ ಚೌಕದಲ್ಲಿ 'ರಾಷ್ಟ್ರ'ದಂಥ ಪದದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗಬಹುದು. ಆಗ ಪುಟದ ಝೂಮ್‌ಗೇ ಮರಳಿ. ದೀರ್ಘ ಲೇಖನವಾದರೆ ಬರಹವನ್ನಷ್ಟೇ ಸರಳವಾಗಿ ತೋರಿಸುವ ರೀಡರ್ ವ್ಯೂ (ವಿಂಡೋಸ್‌ನಲ್ಲಿ ಎಫ್9) ತೆರೆದು ಸಾಲಿನ ಅಂತರ ಹೆಚ್ಚಿಸಿ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್, ಫಾಂಟ್ಸ್, ಅಡ್ವಾನ್ಸ್ಡ್ ಪಟ್ಟಿಯಲ್ಲಿ ಕನ್ನಡಕ್ಕೇ ಬೇರೆ ಫಾಂಟು, ಬೇರೆ ಕನಿಷ್ಠ ಗಾತ್ರ ಕೊಡಬಹುದು. ಇಂಗ್ಲಿಷ್ ಸಲೀಸಾಗಿ ಓದಿ ಕನ್ನಡಕ್ಕೆ ಮಾತ್ರ ಕಣ್ಣು ಕಿರಿದು ಮಾಡುವವರಿಗೆ ಫೈರ್‌ಫಾಕ್ಸೇ ಸರಿ.