ಹೈಡ್ ಗ್ಲೂ ಅಂತ ದುಡ್ಡು ತಗೊಂಡು ಬಿಳಿ ಅಂಟು ಮೆತ್ತಿ ಕೊಟ್ಟರು: ಹಳೇ ಗಿಟಾರ್ ಇರುವವರು ಓದಿ

ಹಳೇ ಅಕೂಸ್ಟಿಕ್ ಗಿಟಾರನ್ನು ರಿಪೇರಿಗೆ ಕೊಡುವ ಯೋಚನೆ ಇದ್ದರೆ ಮೊದಲು ಇದನ್ನು ಓದಿಬಿಡಿ. ಬ್ಯಾಕ್ (ಹಿಂಬದಿಯ ಹಲಗೆ) ಬಿಟ್ಟುಕೊಂಡಿರಲಿ, ಬ್ರಿಡ್ಜ್ (ತಂತಿಗಳನ್ನು ಸಿಕ್ಕಿಸುವ ಮರದ ಪಟ್ಟಿ) ಎದ್ದಿರಲಿ, ಒಳಗೆ ಬ್ರೇಸ್ (ಹಲಗೆಗೆ ಆಸರೆಯಾಗಿರುವ ಪಟ್ಟಿ) ಸಡಿಲ ಆಗಿರಲಿ, ಯಾರಾದರೂ "ಹೈಡ್ ಗ್ಲೂನಲ್ಲೇ ಮಾಡಿಕೊಡ್ತೀನಿ" ಅಂದರೆ ಆ ಮಾತನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಇದನ್ನು ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ನನ್ನ ಗಿಟಾರಿನ ಕೆಳಭಾಗದಲ್ಲಿ ಬ್ಯಾಕ್ ಮತ್ತು ಸೈಡ್ ಸೇರುವ ಅಂಚು ಬಾಯಿಬಿಟ್ಟಿತ್ತು. ವಿಸಿಟಿಂಗ್ ಕಾರ್ಡ್ ತೂರಿಸಿದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು. ಬ್ರಿಡ್ಜಿನ ಹಿಂಬದಿಯೂ ಕೂದಲೆಳೆಯಷ್ಟು ಎದ್ದಿತ್ತು. ಮೊದಲು ಅದನ್ನು ಕಟ್ಟಿದವರು ಬಳಸಿದ್ದು ಹೈಡ್ ಗ್ಲೂ, ಅಂದರೆ ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು. ಇಂಥ ಗಿಟಾರಿಗೆ ಮತ್ತೆ ಅದೇ ಬೇಕು ಅಂತ ಕೇಳಿದ್ದು ಸುಮ್ನೆ ಶೋಕಿಗಲ್ಲ. ಹೊಸ ಬಿಸಿ ಹೈಡ್ ಗ್ಲೂ ಹಳೇದರ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಹಳೇದನ್ನೂ ಕರಗಿಸಿಕೊಂಡು ಒಂದಾಗುತ್ತದೆ. ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿ. ಮುಂದೆ ಯಾವತ್ತಾದರೂ ಬಿಚ್ಚಬೇಕು ಅಂದರೆ ಸ್ವಲ್ಪ ಬಿಸಿ, ಸ್ವಲ್ಪ ತೇವ ಸಾಕು. ಬಿಳಿ ಅಂಟು, ಅಂದರೆ ಬಡಗಿಗಳು ಮರಕ್ಕೆ ಹಚ್ಚುವ ಬಾಟಲಿ ಅಂಟು, ಹಾಗಲ್ಲ. ಒಣಗಿದರೂ ಅದರಲ್ಲಿ ಒಂಚೂರು ಮೆತ್ತನೆ ಗುಣ ಉಳಿದಿರುತ್ತದೆ. ಸ್ಟೀಲ್ ತಂತಿಗಳೆಲ್ಲ ಸೇರಿ ಬ್ರಿಡ್ಜನ್ನು 70 ಕಿಲೋ ಆಸುಪಾಸಿನ ಬಲದಲ್ಲಿ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ, ಮೇಲಿಂದ ಸೆಖೆಗೆ, ಬಿಳಿ ಅಂಟು ನಿಧಾನವಾಗಿ ಜಾರುತ್ತದೆ.

ತಮಾಷೆ ಏನು ಗೊತ್ತಾ? ಇದನ್ನೆಲ್ಲ ನನಗೆ ಪಾಠ ಮಾಡಿದ್ದೇ ನಾನು ಗಿಟಾರ್ ಕೊಟ್ಟ ಆ ರಿಪೇರಿಯವರು!

ಮೇಜಿನ ಮೇಲೆ ಅಂಟು ಬಿಸಿ ಮಾಡುವ ಪುಟ್ಟ ಪಾತ್ರೆ. ಒಳಗೆ ನೀರು, ನೀರಿನಲ್ಲಿ ಅಂಟಿನ ಜಾಡಿ, ಜಾಡಿಗೆ ಸಿಕ್ಕಿಸಿದ ಥರ್ಮಾಮೀಟರ್. "ನೋಡಿ ಸರ್, ಅಂಟಿನ ಹರಳುಗಳನ್ನ ತಣ್ಣೀರಲ್ಲಿ ನೆನೆಸಿಟ್ಟು ಆಮೇಲೆ ಬಿಸಿ ಮಾಡ್ಬೇಕು. 60 ಡಿಗ್ರಿ ಹತ್ತಿರ ನಿಲ್ಲಿಸ್ಬೇಕು. ಕುದಿಸಿದ್ರೆ ಸತ್ವ ಹೋಯ್ತು" ಅಂದರು. ಹಚ್ಚಿದ ಮೇಲೆ ಒಂದು ನಿಮಿಷದೊಳಗೆ ಗಟ್ಟಿಯಾಗೋಕೆ ಶುರುವಾಗುತ್ತದೆ, ಅದಕ್ಕೆ ಮರವನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳಬೇಕು ಅಂದರು. ಉದ್ದದ ಅಂಚಾದರೆ ಮೊದಲು ಅಂಟಿಲ್ಲದೆ ಎಲ್ಲ ಕ್ಲ್ಯಾಂಪ್ (ಮರವನ್ನು ಬಿಗಿದು ಹಿಡಿಯುವ ಸಲಕರಣೆ) ಹಾಕಿ ನೋಡಬೇಕು. ಆಮೇಲೆ ಒಂದೆರಡು ಕ್ಲ್ಯಾಂಪ್ ಮಾತ್ರ ಸಡಿಲಿಸಿ, ತೆಳು ಚಾಕುವಿನಿಂದ ಅಂಟು ತೂರಿಸಿ, ಬಿಗಿದು, ಮುಂದಕ್ಕೆ ಹೋಗಬೇಕು. ಎಲ್ಲ ಸರಿಯಾಗೇ ಹೇಳಿದರು. ಒಂದು ಮಾತೂ ತಪ್ಪಿಲ್ಲ. ಅದಕ್ಕೇ ಹೈಡ್ ಗ್ಲೂ ಕೆಲಸಕ್ಕೆ ಬೇರೆ ಚಾರ್ಜ್ ಅಂದಾಗ ನಾನು ಚೌಕಾಸಿ ಮಾಡಲಿಲ್ಲ. ಕಷ್ಟದ ಕೆಲಸ, ಕೊಡಬೇಕು ಅಲ್ವಾ? ಆ ಪಾತ್ರೆಯ ಫೋಟೋ ಬೇರೆ ತೆಗೆದುಕೊಂಡು ಗೆಳೆಯರಿಗೆಲ್ಲ ಕಳಿಸಿದೆ. "ನೋಡ್ರೋ, ಹಳೇ ಕಾಲದ ಪದ್ಧತಿ" ಅಂತ! ಈಗ ಆ ಗೆಳೆಯರು ಸಿಕ್ಕಿದಾಗಲೆಲ್ಲ ಅದನ್ನೇ ಎತ್ತಿ ಆಡುತ್ತಾರೆ.

ಗಿಟಾರ್ ವಾಪಸ್ ಬಂತು. ಪಾಲಿಶ್ ಮಿರಮಿರ. ಆದರೆ ಬ್ಯಾಕಿನ ಅಂಚಿನ ಉದ್ದಕ್ಕೂ ಸಾಲಾಗಿ ಅರ್ಧಚಂದ್ರದ ಗುರುತುಗಳು, ಕ್ಲ್ಯಾಂಪ್ ಕಚ್ಚಿದ್ದು. ಕೇಳಿದರೆ, "ಹೈಡ್ ಗ್ಲೂ ಅಲ್ವಾ ಸರ್, ಜೋರಾಗಿ ಬಿಗೀಲೇಬೇಕು" ಅಂದರು. ಇದು ಶುದ್ಧ ಸುಳ್ಳು. ಹೈಡ್ ಗ್ಲೂ ಒಣಗುವಾಗ ತಾನೇ ಕುಗ್ಗಿ ಎರಡೂ ಮರವನ್ನು ಹತ್ತಿರ ಎಳೆದುಕೊಳ್ಳುತ್ತದೆ. ಅಂಚು ಕೂತರೆ ಸಾಕು, ಮೈಮೇಲೆ ಬಿದ್ದು ಬಿಗಿದರೆ ಇರುವ ಅಂಟೂ ಹೊರಗೆ ಬಂದು ಸಂದು ಒಣಒಣ ಆಗುತ್ತದೆ. ಕ್ಲ್ಯಾಂಪಿಗೂ ಮರಕ್ಕೂ ನಡುವೆ ಕಾರ್ಕೋ ಚರ್ಮವೋ ಮರದ ಚೂರೋ ಇಡುವುದು ಈ ಕೆಲಸದ ಅ ಆ ಇ ಈ.

ಸೆಖೆ ಶುರುವಾದ ಮೇಲೆ ಬ್ರಿಡ್ಜಿನ ಹಿಂದೆ ಮತ್ತೆ ಅದೇ ಗೀಟು ಕಾಣಿಸಿತು. ತಂತಿ ಸಡಿಲ ಮಾಡಿ, ಸೌಂಡ್‌ಹೋಲಿನೊಳಗೆ ಪುಟ್ಟ ಕನ್ನಡಿ ಮತ್ತು ಲೈಟ್ ಇಳಿಸಿ ನೋಡಿದೆ. ರಿಪೇರಿ ಮಾಡಿದ ಅಂಚಿನಲ್ಲಿ ಹೊರಗೆ ಉಕ್ಕಿದ ಅಂಟು ಹಾಗೇ ಒಣಗಿ ನಿಂತಿತ್ತು. ಒರೆಸಿಯೂ ಇಲ್ಲ. ಹೈಡ್ ಗ್ಲೂ ಆಗಿದ್ದರೆ ಜೇನಿನ ಬಣ್ಣ ಇರಬೇಕಿತ್ತು, ಉಗುರಿನಿಂದ ಎಬ್ಬಿಸಿದರೆ ಚಟ್ ಅಂತ ಚೂರಾಗಬೇಕಿತ್ತು. ಇದು ಮಬ್ಬು ಬಿಳಿ. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು.

ಹತ್ತಿಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಅದರ ಮೇಲೆ ಇಟ್ಟೆ. ಇನ್ನೂ ಬೆಳ್ಳಗಾಯಿತು, ಮೆತ್ತಗಾಯಿತು, ಪೊರೆ ಥರ ಸುಲಿದು ಬಂತು. ಪಕ್ಕದ ಹಳೇ ಬ್ರೇಸಿನ ಬುಡದಲ್ಲಿ ಮೊದಲಿನ ಅಂಟಿನ ಒಂದು ಹನಿ ಇತ್ತು. ಅದಕ್ಕೂ ಅದೇ ನೀರು ಮುಟ್ಟಿಸಿದೆ. ಕೊಂಚ ಹೊತ್ತಿಗೆ ಬೆರಳಿಗೆ ಅಂಟಂಟಾಯಿತು, ಎಳೆದರೆ ಎಳೆ ಬಂತು. ಒಂದೇ ಗಿಟಾರ್, ಒಂದು ಗೇಣು ದೂರ, ಎರಡು ಬೇರೆ ಬೇರೆ ಅಂಟು. ಅಷ್ಟು ಪಾಠ, ಅಷ್ಟು ಥರ್ಮಾಮೀಟರ್, ಅಷ್ಟು ದುಡ್ಡು, ಕೊನೆಗೆ ಬಾಟಲಿಯಿಂದ ಹಿಂಡಿದ ಬಿಳಿ ಅಂಟು! ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. ಮೊದಲ ಉತ್ತರ: "ಹೈಡ್ ಗ್ಲೂ ಒಣಗಿದ್ರೆ ಒಮ್ಮೊಮ್ಮೆ ಬೆಳ್ಳಗೆ ಕಾಣುತ್ತೆ ಸರ್." ಫೋಟೋ ಕಳಿಸಿದೆ. ಆಗ, "ಸ್ಟ್ರಾಂಗ್ ಆಗ್ಲಿ ಅಂತ ಎರಡೂ ಮಿಕ್ಸ್ ಮಾಡಿರ್ತೀವಿ." ಮಿಕ್ಸ್! ಹಾಗೆ ಮಾಡುವವರನ್ನು ನಾನಂತೂ ಕೇಳಿಲ್ಲ. ಸರಿ, ಬ್ರಿಡ್ಜ್ ಯಾಕೆ ಎದ್ದಿತು ಅಂದೆ. "ನೀವು ಬಿಸಿಲಲ್ಲಿ ಇಟ್ಟಿರ್ತೀರಿ." ಗಿಟಾರ್ ಕೇಸಿನಲ್ಲೇ ಇರುತ್ತದೆ ಅಂದೆ. "ಕೇಸಲ್ಲೇ ಜಾಸ್ತಿ ಬಿಸಿ ಆಗೋದು." ಎಲ್ಲದಕ್ಕೂ ಉತ್ತರ ರೆಡಿ. ಕೊನೆಗೆ ಸ್ವರ ಬದಲಾಯಿತು: "ಅಂಟು ಯಾವುದಾದ್ರೇನು ಸರ್, ನುಡೀತಾ ಇದೆ ತಾನೇ? ಬೇಕಿದ್ರೆ ತಗೊಂಡು ಬನ್ನಿ, ಈ ಸಲ ಒರಿಜಿನಲ್ ಹೈಡ್ ಗ್ಲೂ ಹಾಕಿಕೊಡ್ತೀನಿ."

ಈ ಸಲ ಒರಿಜಿನಲ್! ಹಾಗಾದರೆ ಹೋದ ಸಲ ಹಾಕಿದ್ದು ಏನು? ಅದನ್ನೇ ಕೇಳಿದೆ. ಕಸ್ಟಮರ್ ಬಂದಿದ್ದಾರೆ ಅಂತ ಫೋನ್ ಇಟ್ಟರು.

ಬರೀ ದುಡ್ಡಿನ ವಿಷಯ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಬಿಳಿ ಅಂಟು ಮರದ ನಾರಿನೊಳಗೆ ಇಳಿದುಬಿಟ್ಟಿದೆ. ಅದರ ಮೇಲೆ ಹೈಡ್ ಗ್ಲೂ ಆಗಲಿ, ಹೊಸ ಬಿಳಿ ಅಂಟಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆಯಬೇಕು. ಕೆರೆದಷ್ಟೂ ಮರ ಹೋಗುತ್ತದೆ, ಸಂದು ಸಡಿಲ ಆಗುತ್ತದೆ. ಈಗ ನೋಡುತ್ತಿರುವ ಇನ್ನೊಬ್ಬ ರಿಪೇರಿಯವರು ಗಿಟಾರನ್ನು ತಿರುಗಿಸಿ ನೋಡಿ, "ಬಾಯಿಬಿಟ್ಟಿದ್ದಾಗಲೇ ತಂದಿದ್ರೆ ಸುಲಭ ಇತ್ತು" ಅಂದರು. ಈ ಕ್ಲೀನಿಂಗ್ ಖರ್ಚು ಮೊದಲಿನ ಬಿಲ್ಲಿಗಿಂತ ಜಾಸ್ತಿ.

ಬಿಳಿ ಅಂಟು, ಹಳದಿ ಅಂಟು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಎಷ್ಟೋ ಹೊಸ ಗಿಟಾರ್‌ಗಳನ್ನು ಅಂಥ ಅಂಟಿನಲ್ಲೇ ಕಟ್ಟುತ್ತಾರೆ. ಆ ಮೊದಲಿನ ರಿಪೇರಿಯವರು ಮುಂಚೆಯೇ "ನನಗೆ ಇಷ್ಟುದ್ದದ ಅಂಚಿಗೆ ಬಿಸಿ ಅಂಟು ಹಾಕೋಕೆ ಟೈಮ್ ಸಾಲಲ್ಲ" ಅಂದಿದ್ದರೆ ಬೇರೆ ಕಡೆ ಹೋಗುತ್ತಿದ್ದೆ, ಅಷ್ಟೇ. ಇನ್ನೊಂದು, ಬಾಟಲಿಯಲ್ಲಿ ಬರುವ ದ್ರವರೂಪದ ಹೈಡ್ ಗ್ಲೂ ಕೂಡ ಇದೆ. ತಣ್ಣಗಿದ್ದರೂ ಗಟ್ಟಿಯಾಗದಿರಲಿ ಅಂತ ಅದರಲ್ಲಿ ಯೂರಿಯಾದಂಥದ್ದು ಸೇರಿಸಿರುತ್ತಾರೆ. ಬಿಸಿ ಮಾಡಿ ಹಚ್ಚುವ ಅಂಟೂ ಅದೂ ಒಂದೇ ಅಲ್ಲ. ಯಾವುದು ಅಂತ ಬಾಯಿಬಿಟ್ಟು ಕೇಳಿ.

ಕ್ಲ್ಯಾಂಪ್ ಹಾಕಿದ ಸ್ಥಿತಿಯಲ್ಲೇ ಫೋಟೋ ಕಳಿಸೋಕೆ ಹೇಳಿ, ಪಾತ್ರೆಯ ಫೋಟೋದಿಂದ ಏನೂ ಉಪಯೋಗ ಇಲ್ಲ. ಉಕ್ಕಿ ಒಣಗಿದ ಅಂಟಿನ ಒಂದು ಚೂರನ್ನು ಎತ್ತಿಡೋಕೆ ಹೇಳಿ. ಗಿಟಾರ್ ತಗೊಳ್ಳುವಾಗ ಅವರ ಎದುರಿಗೇ ಆ ಚೂರಿಗೆ ಬಿಸಿನೀರು ಮುಟ್ಟಿಸಿ, ಆಮೇಲೆ ದುಡ್ಡು ಕೊಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಾನು ವಾಪಸ್ ಕೇಳಿದ್ದು ಇಡೀ ಬಿಲ್ಲನ್ನಲ್ಲ, ಹೈಡ್ ಗ್ಲೂ ಅಂತ ತಗೊಂಡ ಹೆಚ್ಚಿನ ದುಡ್ಡನ್ನು ಮಾತ್ರ. "ಅದು ಲೇಬರ್ ಚಾರ್ಜ್ ಸರ್" ಅಂತ ಮೆಸೇಜ್ ಬಂದಿದೆ.