ಆರ್‌ಎಸ್‌ಐ ಇಂಡಿಕೇಟರ್ ವಿಮರ್ಶೆ: 70 ಮುಟ್ಟಿತು ಅಂತ ಮಾರಬೇಡಿ

ಷೇರು ಬೆಲೆಯ ಯಾವ ಚಾರ್ಟ್ ಆ್ಯಪ್ ತೆರೆದರೂ ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ತೋರಿಸುವ ಸೂಚಕ) ಪಟ್ಟಿಯಲ್ಲಿ ಆರ್‌ಎಸ್‌ಐ, ಅಂದರೆ ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಇದ್ದೇ ಇರುತ್ತದೆ. ಬೇರೆ ದುಡ್ಡು ಕೊಡಬೇಕಿಲ್ಲ, ಸೆಟ್ಟಿಂಗ್ ಬದಲಿಸುವ ಗೋಜಿಲ್ಲ. ಹೊಸಬರು ಮೊದಲು ಕೈ ಹಾಕುವುದು ಇದಕ್ಕೇ, ಜಾಸ್ತಿ ತಪ್ಪಾಗಿ ಬಳಸುವುದೂ ಇದನ್ನೇ. ನಾನು ದಿನದ ಚಾರ್ಟ್‌ನಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದೇನೆ, ಬಿಡುವ ಯೋಚನೆಯೂ ಇಲ್ಲ. ಆದರೆ ಅದು ಏನನ್ನು ಅಳೆಯುತ್ತದೆ ಅಂತ ತಿಳಿಯದೆ ಅದನ್ನು ನಂಬಿ ಟ್ರೇಡ್ ಮಾಡಬೇಡಿ.

ಇದನ್ನು 1978ರಲ್ಲಿ ಜನರ ಮುಂದಿಟ್ಟವರು ವೆಲ್ಸ್ ವೈಲ್ಡರ್, ಮೆಕ್ಯಾನಿಕಲ್ ಎಂಜಿನಿಯರ್. ಕಾಗದ, ಪೆನ್ನು ಹಿಡಿದು ಕೂತರೂ ಮಾಡಬಹುದಾದ ಲೆಕ್ಕ. 14 ದಿನಗಳಲ್ಲಿ ಬೆಲೆ ಏರಿದ್ದೆಲ್ಲ ಕೂಡಿ 14ರಿಂದ ಭಾಗಿಸಿ, ಇಳಿದಿದ್ದೆಲ್ಲ ಕೂಡಿ ಅದನ್ನೂ 14ರಿಂದ ಭಾಗಿಸಿ. ಈ ಎರಡನ್ನೂ ಸೇರಿಸಿದರೆ ಬರುವ ಮೊತ್ತದಲ್ಲಿ ಏರಿಕೆಯ ಪಾಲು ನೂರಕ್ಕೆ ಎಷ್ಟು? ಅದೇ ಆರ್‌ಎಸ್‌ಐ. ಏರಿಕೆಯ ಸರಾಸರಿ 7, ಇಳಿಕೆಯ ಸರಾಸರಿ 3 ಇದ್ದರೆ ಆರ್‌ಎಸ್‌ಐ 70. ಎರಡೂ ಸಮ ಇದ್ದರೆ 50. ಅಷ್ಟೇ.

ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. 70 ಅಂದರೆ ಈಚಿನ ಓಡಾಟದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮೇಲಕ್ಕೆ ಹೋಗಿದೆ ಅಂತ. ಷೇರು ದುಬಾರಿ ಆಗಿದೆ, ಇನ್ನು ಬೀಳುತ್ತದೆ ಅಂತ ಆ ಸೂತ್ರದಲ್ಲಿ ಎಲ್ಲೂ ಇಲ್ಲ. ಹಾಗಿದ್ದೂ 70 ದಾಟಿದರೆ ಮಾರು, 30ಕ್ಕಿಂತ ಕೆಳಗೆ ಬಂದರೆ ಕೊಳ್ಳು ಅನ್ನುವ ಒಂದೇ ಸಾಲನ್ನು ಎಲ್ಲ ಕಡೆ ಹೇಳಿಕೊಡುತ್ತಾರೆ. ಬೆಲೆ ಒಂದು ಮಿತಿಯೊಳಗೆ ಮೇಲೆ ಕೆಳಗೆ ಆಡುತ್ತಿರುವಾಗ, ಅಂದರೆ ಸೈಡ್‌ವೇಸ್ ಇದ್ದಾಗ, ಆ ಸಾಲು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಟ್ಟಿ ಟ್ರೆಂಡ್ ಶುರುವಾದರೆ ಕಥೆ ಬೇರೆ. ಆರ್‌ಎಸ್‌ಐ 70ರ ಮೇಲೆ ಹೋಗಿ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ, ಬೆಲೆ ಏರುತ್ತಲೇ ಇರುತ್ತದೆ. ಅಲ್ಲಿ ಶಾರ್ಟ್ ಮಾಡಿದವರ, ಅಂದರೆ ಬೆಲೆ ಬೀಳುತ್ತದೆ ಅಂತ ಮೊದಲೇ ಮಾರಿದವರ, ಸ್ಟಾಪ್‌ಲಾಸ್ (ನಷ್ಟ ಇಷ್ಟಕ್ಕೇ ನಿಲ್ಲಲಿ ಅಂತ ಇಟ್ಟ ಬೆಲೆ) ಒಂದಾದ ಮೇಲೊಂದು ಹೊಡೆಯುತ್ತದೆ. ಬೀಳುವ ಮಾರ್ಕೆಟ್‌ನಲ್ಲಿ 30 ಕಂಡ ಕೂಡಲೇ ಕೊಂಡವರ ಪಾಡೂ ಅದೇ.

ನನಗೆ ಇದರ ನಿಜವಾದ ಬೆಲೆ ತಿಳಿದಿದ್ದು ಆರ್‌ಎಸ್‌ಐ ಬಗ್ಗೆ ಕಲಿಸುತ್ತಿದ್ದ ಆಂಡ್ರ್ಯೂ ಕಾರ್ಡ್‌ವೆಲ್ ಹೇಳಿಕೊಟ್ಟ ರೇಂಜ್ ಲೆಕ್ಕದಿಂದ. ಏರುವ ಟ್ರೆಂಡ್‌ನಲ್ಲಿ ಆರ್‌ಎಸ್‌ಐ ಹೆಚ್ಚಾಗಿ 40ರಿಂದ 80ರ ನಡುವೆ ಓಡಾಡುತ್ತದೆ, ಇಳಿಯುವ ಟ್ರೆಂಡ್‌ನಲ್ಲಿ 20ರಿಂದ 60ರ ನಡುವೆ. ಹಾಗಾದರೆ ಏರುವ ಷೇರು 30ಕ್ಕೆ ಬರಲಿ ಅಂತ ಕಾಯುವುದೇ ದಂಡ, ಅಲ್ವಾ? ಅದು ಅಲ್ಲಿಗೆ ಬರುವ ಹೊತ್ತಿಗೆ ಟ್ರೆಂಡೇ ಮುರಿದಿರುವ ಸಾಧ್ಯತೆ ಹೆಚ್ಚು. ನಾನು ಮೊದಲು ಟ್ರೆಂಡ್ ನೋಡುತ್ತೇನೆ. ಅದು ಮೇಲಕ್ಕಿದ್ದರೆ ಆರ್‌ಎಸ್‌ಐ 40-50ರ ಹತ್ತಿರ ಇಳಿದು ಮತ್ತೆ ತಿರುಗುವುದನ್ನು ಕಾಯುತ್ತೇನೆ, ಜೊತೆಗೆ ಬೆಲೆ ಕೂಡ ಹಿಂದಿನ ಕ್ಯಾಂಡಲ್‌ನ (ದಿನದ ಚಾರ್ಟ್‌ನಲ್ಲಿ ಒಂದು ದಿನದ ಬೆಲೆ ತೋರಿಸುವ ಕಂಬ) ಮೇಲಿನ ತುದಿ ದಾಟಬೇಕು. ಎರಡೂ ಆದರೆ ಮಾತ್ರ ಎಂಟ್ರಿ. ಎಲ್ಲ ಸಲ ಸರಿ ಹೋಗುವುದಿಲ್ಲ, ಆದರೆ ಓಡುವ ಬೆಲೆಯ ಹಿಂದೆ ಬಿದ್ದು ತುದಿಯಲ್ಲಿ ಕೊಳ್ಳುವುದು ಇದರಿಂದ ಬಹಳ ಕಡಿಮೆ ಆಗುತ್ತದೆ. ಇದೊಂದಕ್ಕೇ ಆರ್‌ಎಸ್‌ಐ ಇಟ್ಟುಕೊಳ್ಳಬಹುದು ಅನ್ನುತ್ತೇನೆ.

ಡೈವರ್ಜೆನ್ಸ್ ಬಗ್ಗೆ ಸ್ವಲ್ಪ ಹುಷಾರಾಗಿರಿ. ಬೆಲೆ ಹೊಸ ಎತ್ತರ ಮುಟ್ಟಿತು, ಆರ್‌ಎಸ್‌ಐ ಮುಟ್ಟಲಿಲ್ಲ, ಆದ್ದರಿಂದ ಬೀಳುತ್ತದೆ ಅನ್ನುವುದು ಇಲ್ಲಿನ ವಾದ. ಲೆಕ್ಕ ನೋಡಿ: ಆರ್‌ಎಸ್‌ಐ 80 ಇರಬೇಕಾದರೆ ಏರಿಕೆ ಇಳಿಕೆಯ 4 ಪಟ್ಟು ಇರಬೇಕು, 90ಕ್ಕೆ 9 ಪಟ್ಟು. ಮೇಲೆ ಹೋದಷ್ಟೂ ಇನ್ನಷ್ಟು ಹೋಗುವುದು ಕಷ್ಟ. ಹಾಗಾಗಿ ಜೋರು ಓಟದ ಮೇಲೆ ಬರುವ ಎರಡನೇ ಏರಿಕೆ ಸ್ವಲ್ಪ ನಿಧಾನ ಆದರೂ ಸಾಕು, ಚಾರ್ಟ್‌ನಲ್ಲಿ ಡೈವರ್ಜೆನ್ಸ್ ಕಾಣುತ್ತದೆ. ನಿಧಾನವಾಗಿ ಏರುವುದೂ ಏರುವುದೇ! ಬೆಲೆ ಹಿಂದಿನ ತಗ್ಗನ್ನು ಮುರಿಯುವವರೆಗೂ ನಾನು ಡೈವರ್ಜೆನ್ಸ್ ನೋಡಿ ಮಾರುವುದಿಲ್ಲ. ಕೈಯಲ್ಲಿರುವುದಕ್ಕೆ ಸ್ಟಾಪ್‌ಲಾಸ್ ಸ್ವಲ್ಪ ಹತ್ತಿರ ತಂದುಕೊಳ್ಳುತ್ತೇನೆ, ಅಷ್ಟೇ.

ಒಂದೇ ಷೇರಿಗೆ ಎರಡು ಆ್ಯಪ್‌ನಲ್ಲಿ ಎರಡು ಥರ ಆರ್‌ಎಸ್‌ಐ ತೋರಿಸುವುದು ಹಲವರನ್ನು ಕಾಡುತ್ತದೆ. ವೈಲ್ಡರ್ ವಿಧಾನದಲ್ಲಿ ಮೊದಲ 14 ದಿನಕ್ಕೆ ಮಾತ್ರ ಸಾದಾ ಸರಾಸರಿ. ಆಮೇಲೆ ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನದನ್ನು ಕೂಡಿ, 14ರಿಂದ ಭಾಗಿಸುತ್ತಾರೆ. ಹಳೆಯ ದಿನಗಳ ಪ್ರಭಾವ ಪೂರ್ತಿ ಹೋಗುವುದೇ ಇಲ್ಲ, ಕ್ಷೀಣಿಸುತ್ತಾ ಹೋಗುತ್ತದೆ. ಒಂದು ಆ್ಯಪ್ ಜಾಸ್ತಿ ಹಿಂದಿನ ಡೇಟಾ ತೆಗೆದುಕೊಂಡಿದ್ದರೆ, ಇಲ್ಲವೇ ಇನ್ನೊಂದು ಸಾದಾ ಸರಾಸರಿಯನ್ನೇ ಬಳಸಿದ್ದರೆ, ಅಂಕಿ ಬೇರೆ ಬರುತ್ತದೆ. ಹಿಂದಿನ ಡೇಟಾ ಕಡಿಮೆ ಇರುವುದರಿಂದ ಹೊಸದಾಗಿ ಲಿಸ್ಟ್ ಆದ ಷೇರಿನ ಆರ್‌ಎಸ್‌ಐಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಕೊರತೆಗಳು. ವಾಲ್ಯೂಮ್, ಅಂದರೆ ಎಷ್ಟು ಷೇರು ಕೈ ಬದಲಾಯಿತು ಅನ್ನುವುದು, ಇದಕ್ಕೆ ಕಾಣುವುದಿಲ್ಲ. ಕಂಪನಿಯ ಫಲಿತಾಂಶದ ಮಾರನೇ ದಿನ ಬೆಲೆ ಗ್ಯಾಪ್ ಬಿದ್ದರೆ, ಅಂದರೆ ನಿನ್ನೆಯ ಮಟ್ಟದಿಂದ ಒಮ್ಮೆಲೇ ದೂರ ಹಾರಿ ಶುರುವಾದರೆ, ಮುಂಚೆಯೇ ಎಚ್ಚರಿಸುವ ಶಕ್ತಿಯೂ ಇಲ್ಲ. ಸ್ಟಾಪ್‌ಲಾಸ್ ಎಲ್ಲಿಡಬೇಕು ಅಂತ ಹೇಳುವುದಿಲ್ಲ, ಅದಕ್ಕೆ ಅದೇ ವೈಲ್ಡರ್ ಕೊಟ್ಟ ಎಟಿಆರ್ (ಬೆಲೆ ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತದೆ ಅಂತ ಅಳೆಯುವ ಇಂಡಿಕೇಟರ್) ಬಳಸಿ. ಆರ್‌ಎಸ್‌ಐ ಜೊತೆ ಸ್ಟೋಕಾಸ್ಟಿಕ್, ಎಂಎಸಿಡಿ ಅನ್ನುವ ಬೇರೆ ಇಂಡಿಕೇಟರ್‌ಗಳನ್ನೂ ಪೇರಿಸಿ ಮೂರೂ ಒಪ್ಪಿದವು ಅಂತ ಖುಷಿಪಡಬೇಡಿ. ಮೂರೂ ಹುಟ್ಟುವುದು ಅದೇ ಬೆಲೆಯಿಂದ, ಒಂದೇ ಸುದ್ದಿಯನ್ನು ಮೂರು ಬಾಯಲ್ಲಿ ಕೇಳಿದ ಹಾಗೆ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ 14 ಇರಲಿ. 5ಕ್ಕೋ 7ಕ್ಕೋ ಇಳಿಸಿದರೆ ಗೆರೆ ಸುಮ್ನೆ ಎಗರಾಡುತ್ತದೆ, ಸಿಗ್ನಲ್ ಜಾಸ್ತಿ, ಸುಳ್ಳು ಸಿಗ್ನಲ್ ಇನ್ನೂ ಜಾಸ್ತಿ, ಜೊತೆಗೆ ಬ್ರೋಕರೇಜ್ ಕೂಡ ಏರುತ್ತದೆ. ಅಲರ್ಟ್ ಇಡುವಾಗ ಕ್ಯಾಂಡಲ್ ಮುಗಿದ ಮೇಲೆ ಮಾತ್ರ ಬರುವ ಹಾಗೆ ಇಡಿ, ಯಾಕೆಂದರೆ ನಡೆಯುತ್ತಿರುವ ಕ್ಯಾಂಡಲ್‌ನಲ್ಲಿ ಮಧ್ಯಾಹ್ನ 41 ತೋರಿಸಿದ ಆರ್‌ಎಸ್‌ಐ ಮಾರ್ಕೆಟ್ ಮುಚ್ಚುವ ಹೊತ್ತಿಗೆ 36 ಆಗಿರಬಹುದು.