ಕಾಪರ್ ಟಿ, ಬಲೂನು, ಜೆಲ್ಲು: ಮೂರೂ ಹಾಕಿಸ್ಕೊಂಡೋಳ ಲೆಕ್ಕ

ಹಪ್ಪಳ ಒತ್ತುವಾಗ ಹಸಿ ಹಪ್ಪಳ ಒಂದರ ಮೇಲೊಂದು ಬಿದ್ರೆ ಅಂಟ್ಕೊಂಡ್ಬಿಡುತ್ತೆ ಅಂತ ಮಧ್ಯೆ ಪ್ಲಾಸ್ಟಿಕ್ ಹಾಳೆ ಇಡ್ತೀವಲ್ಲ, ನನ್ನ ಗರ್ಭಕೋಶದ ಕಥೇನೂ ಅಷ್ಟೇ. ಗರ್ಭಕೋಶದ ಮುಂದಿನ ಗೋಡೆ ಹಿಂದಿನ ಗೋಡೆ ಯಾವಾಗ್ಲೂ ಒಂದಕ್ಕೊಂದು ತಾಗ್ಕೊಂಡೇ ಇರುತ್ತಂತೆ, ಒಳಪದರ ನೆಟ್ಟಗಿದ್ರೆ ಏನೂ ಆಗಲ್ಲ, ಆ ಪದರ ಕೆರೆದೋ ಕಾಯಿಲೆಗೋ ಬುಡದ ತನಕ ಹಾಳಾದ್ರೆ ಮಾತ್ರ ಗಾಯಕ್ಕೆ ಗಾಯ ತಾಗಿ ಬೆಸೆದುಕೊಳ್ಳುತ್ತೆ. ಆಶರ್‌ಮನ್ ಸಿಂಡ್ರೋಮ್ ಅಂತಾರೆ ಇದಕ್ಕೆ, 1948ರಲ್ಲಿ ಜೋಸೆಫ್ ಆಶರ್‌ಮನ್ ಅನ್ನೋ ಡಾಕ್ಟ್ರು ಇದರ ಬಗ್ಗೆ ವಿವರವಾಗಿ ಬರೆದಿದ್ದಕ್ಕೆ ಆ ಹೆಸರು.

ನಂಗೆ ಒಂಬತ್ತನೇ ವಾರಕ್ಕೆ ಅಬಾರ್ಷನ್ ಆಗಿ, ಪೂರ್ತಿ ಹೋಗಿಲ್ಲ ಅಂತ ಒಂದು ನರ್ಸಿಂಗ್ ಹೋಮಲ್ಲಿ ಡಿ ಅಂಡ್ ಸಿ, ಅಂದ್ರೆ ಗರ್ಭಕೋಶದ ಬಾಯಿ ಹಿಗ್ಗಿಸಿ ಒಳಗೆ ಕೆರೆದು ಕ್ಲೀನ್ ಮಾಡೋದು, ಮಾಡಿದ್ರು, ಬ್ಲೀಡಿಂಗ್ ನಿಲ್ಲಲಿಲ್ಲ ಅಂತ ಮೂರು ವಾರಕ್ಕೆ ಮತ್ತೊಂದ್ಸಲ ಕೆರೆದ್ರು. ಅಲ್ಲಿಂದ ಮುಟ್ಟೇ ನಿಂತೋಯ್ತು. ತಿಂಗಳಿಗೊಂದ್ಸಲ ಹೊಟ್ಟೆ ಕಿವುಚುತ್ತೆ, ಪ್ಯಾಡ್ ಮೇಲೆ ನೋಡಿದ್ರೆ ಕಂದು ಬಣ್ಣದ ಎರಡು ಚುಕ್ಕಿ ಅಷ್ಟೇ. ಟೆನ್ಶನ್ನಿಗೆ ಹಂಗಾಗಿದೆ ಕಣಮ್ಮ, ಸರಿಹೋಗುತ್ತೆ ಅಂತ ಎಂಟು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ರು. ಆಮೇಲೆ ಬೇರೆ ಕಡೆ ಹೋಗಿ ಹಿಸ್ಟರೋಸ್ಕೋಪಿ, ಅಂದ್ರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡೋದು, ಮಾಡ್ಸಿದ್ಮೇಲೇ ಒಳಗೆ ಅಂಟ್ಕೊಂಡಿರೋದು ಗೊತ್ತಾಗಿದ್ದು.

ಅಂಟಿದ್ದನ್ನ ಸರ್ಜರಿಲಿ ಕತ್ತರಿಸಿ ಬಿಡಿಸೋದು ಅರ್ಧ ಕೆಲಸ ಅಷ್ಟೇ ರೀ, ಬಿಡಿಸಿದ ಜಾಗಾನೂ ಗಾಯಾನೇ ತಾನೇ, ಅದು ಮತ್ತೆ ಅಂಟ್ಕೊಳ್ದಂಗೆ ಮಧ್ಯೆ ಏನಾದ್ರೂ ಇಡ್ಬೇಕು. ಆ "ಏನಾದ್ರೂ" ಅನ್ನೋದರಲ್ಲಿ ಮೂರು ಬಗೆ ನನ್ನೊಳಗೇ ಹೋಗಿ ಬಂದಿದೆ.

ಮೊದಲನೇ ಸರ್ಜರಿಲಿ ಹಾಕಿದ್ದು ಕಾಪರ್ ಟಿ. ಮಕ್ಕಳು ಬೇಕು ಅಂತ ಹೋದೋಳಿಗೆ ಮಕ್ಕಳಾಗದಂಗೆ ಹಾಕೋದನ್ನ ಹಾಕಿದ್ರಲ್ಲ ಅಂತ ನಮ್ಮತ್ತೆ ಗಾಬರಿ ಬಿದ್ರು, ಇಲ್ಲ ಅತ್ತೆ, ಎರಡು ತಿಂಗಳಿಗೆ ತೆಗೀತಾರೆ ಅಂದೆ. ಸುಖಕ್ಕೆ ಇದೇ ಸುಖ, ಹಾಕಿದ್ದೇ ಗೊತ್ತಾಗಲ್ಲ, ಮಾರನೇ ದಿನವೇ ಆಫೀಸಿಗೆ ಹೋದೆ. ಆದ್ರೆ ಅದರ ಆಕಾರ ನೋಡಿ, ಒಂದು ಸಣ್ಣ ಕಡ್ಡಿ, ಮೇಲೆ ಎರಡು ತೋಳು, ಅದು ಮಧ್ಯದಲ್ಲಿ ನಿಂತ್ರೆ ಎರಡೂ ಪಕ್ಕದ ಅಂಚು ತಡೆಯೋರು ಯಾರು? ಅದೂ ಅಲ್ದೆ ತಾಮ್ರ ಗರ್ಭಕೋಶದೊಳಗೆ ಒಂಥರಾ ಉರಿಯೂತ ಎಬ್ಬಿಸುತ್ತೆ, ಗರ್ಭ ನಿಲ್ಲದಂಗೆ ಅದು ಕೆಲಸ ಮಾಡೋದರಲ್ಲಿ ಅದರ ಪಾಲೂ ಇದೆ, ಹಸಿ ಗಾಯದ ಮೇಲೆ ಅದು ಬೇಕಾ ಅಂತ ಆಮೇಲೆ ಸಿಕ್ಕ ಡಾಕ್ಟ್ರು ಕೇಳಿದ್ರು. ನಂದಂತೂ ತೆಗೆದು ನೋಡಿದಾಗ ಎಡಗಡೆ ಪೂರ್ತಿ ಮತ್ತೆ ಮುಚ್ಕೊಂಡಿತ್ತು.

ಎರಡನೇ ಸರ್ಜರಿಗೆ ಮುಂಚೆ ಈ ಹೊಸ ಡಾಕ್ಟ್ರು ಒಳಪದರದ ಚೂರು ತೆಗೆದು ಟಿಬಿ ಟೆಸ್ಟಿಗೆ ಕಳಿಸಿದ್ರು. ಟಿಬಿ ಅಂದ್ರೆ ಎದೆಗೆ ಮಾತ್ರ ಅಂದ್ಕೊಂಡಿದ್ದೆ ನಾನು, ಗರ್ಭಕೋಶಕ್ಕೂ ಬಂದು ಹಿಂಗೇ ಅಂಟಿಸುತ್ತಂತೆ, ನಮ್ಮ ದೇಶದಲ್ಲಿ ಇದನ್ನ ನೋಡದೆ ಮುಂದೆ ಹೋಗಬಾರದು ಅಂದ್ರು. ನಂಗೆ ಇರಲಿಲ್ಲ, ಪುಣ್ಯ.

ಆ ಸಲ ಬಲೂನು. ದೊಡ್ಡ ಹೆಸರಿನದ್ದೇನಲ್ಲ, ಮೂತ್ರಕ್ಕೆ ಹಾಕ್ತಾರಲ್ಲ ಫೋಲಿ ಕ್ಯಾಥೆಟರ್, ಅದರಲ್ಲೇ ಚಿಕ್ಕ ಮಕ್ಕಳ ಸೈಜಿಂದು, ತುದೀಲಿರೋ ಪುಟ್ಟ ಬಲೂನಿಗೆ 3 ಎಂಎಲ್ ನೀರು ತುಂಬಿಸಿ ಒಳಗೆ ಬಿಟ್ರು. ಜಾಸ್ತಿ ತುಂಬಿದ್ರೆ ಒತ್ತಡಕ್ಕೆ ಪದರಕ್ಕೆ ರಕ್ತ ಹೋಗಲ್ಲ, ಅದಕ್ಕೇ ಅಷ್ಟೇ ಸಾಕು ಅಂದ್ರು. ಹೊರಗೆ ಬಂದ ರಬ್ಬರ್ ಕೊಳವೇನ ಬಲತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿದ್ರು. ಏಳು ದಿನ. ಮೊದಲೆರಡು ದಿನ ಹೆರಿಗೆ ನೋವಿನ ತಂಗಿ ಅಂತೀವಲ್ಲ ಹಂಗಿತ್ತು, ಗರ್ಭಕೋಶಕ್ಕೆ ಅದನ್ನ ಹೊರಗೆ ನೂಕೋ ಆಸೆ, ಬಲೂನಿಗೆ ಹೋಗೋ ಮನಸ್ಸಿಲ್ಲ. ನೈಟಿ ಬಿಟ್ಟು ಬೇರೆ ಬಟ್ಟೆ ಹಾಕೋ ಹಂಗಿಲ್ಲ, ಸ್ನಾನಕ್ಕೆ ಕೂತ್ರೆ ಪ್ಲಾಸ್ಟರ್ ನೆನೆದು ಕಿತ್ತು ಬರೋದು, ನಮ್ಮೆಜಮಾನ್ರು ಮೆಡಿಕಲ್ ಶಾಪಿಂದ ರೋಲೇ ತಂದಿಟ್ಟಿದ್ರು. ತಿಳಿ ಕೆಂಪು ನೀರು ಸೋರ್ತಾನೇ ಇತ್ತು. ಅದು ಪರವಾಗಿಲ್ಲ, ವಾಸನೆ ಬಂದ್ರೆ, ಜ್ವರ ಬಂದ್ರೆ ರಾತ್ರಿನಾದ್ರೂ ಸರಿ ಫೋನ್ ಮಾಡು ಅಂದಿದ್ರು, ಇನ್ಫೆಕ್ಷನ್ ಆದ್ರೆ ಮಾಡಿದ್ದೆಲ್ಲ ನೀರುಪಾಲು. ಆ್ಯಂಟಿಬಯೋಟಿಕ್ ಜೊತೇಲೇ ಇತ್ತು. ತೆಗೆಯೋದು ಮಾತ್ರ ಎರಡು ನಿಮಿಷ, ಸಿರಿಂಜಲ್ಲಿ ನೀರೆಳೆದ್ರು, ಸುಯ್ ಅಂತ ಬಂತು.

ಬಲೂನು ತೆಗೆದ ಮಾರನೇ ವಾರ ಇನ್ನೊಂದ್ಸಲ ಒಳಗೆ ಕ್ಯಾಮೆರಾ ಹಾಕಿ ನೋಡಿದ್ರು, ನಂಗೆ ಪ್ರಜ್ಞೆ ಇತ್ತು, ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು. ಅದೇ ಎಡಗಡೆ ಮೂಲೇಲಿ ಜೇಡರ ಬಲೆ ಥರ ಎರಡು ಮೂರು ಬಿಳೀ ಎಳೆ. ಕತ್ತರಿ ಬೇಕಾಗ್ಲಿಲ್ಲ, ಕ್ಯಾಮೆರಾ ತುದೀಲಿ ಮೆಲ್ಲಗೆ ತಳ್ಳಿದ್ರು, ಹರಿದೋಯ್ತು. ಇದನ್ನೇ ಎರಡು ತಿಂಗಳು ಬಿಟ್ಟಿದ್ರೆ ಗಟ್ಟಿಯಾಗಿ ಮತ್ತೆ ಕತ್ತರಿ ಹಿಡೀಬೇಕಿತ್ತು ಅಂದ್ರು. ಮೊದಲನೇ ಸಲ ನಂಗೆ ಆಗಿದ್ದು ಇದೇ ಅಲ್ವಾ ಅಂತ ಆಗ ಹೊಳೀತು, ಕಾಪರ್ ಟಿನ ಮಾತ್ರ ಬೈದು ಏನು ಪ್ರಯೋಜನ, ಎರಡು ತಿಂಗಳು ಯಾರೂ ಇಣುಕಿ ನೋಡಿರಲಿಲ್ಲವಲ್ಲ.

ಆ ದಿನವೇ ಜೆಲ್ ಹಾಕಿದ್ರು. ಹೈಯಲುರಾನಿಕ್ ಆ್ಯಸಿಡ್ ಅಂತ, ಮಂಡಿನೋವಿಗೆ ಮಂಡಿಯೊಳಗೆ ಚುಚ್ತಾರಲ್ಲ ಅದರ ಜಾತೀದೇ, ಲೋಳೆಸರದ ಲೋಳೆ ಥರ ಇರುತ್ತೆ. ಒಂದು ವಾರದಷ್ಟು ಗೋಡೆಗಳನ್ನ ದೂರ ಇಟ್ಟು ಆಮೇಲೆ ತಾನೇ ಕರಗಿ ಹೋಗುತ್ತೆ, ತೆಗೆಸೋ ರಗಳೆ ಇಲ್ಲ, ನೋವೂ ಇಲ್ಲ. ಸ್ವಲ್ಪ ಜಾರು ಜಾರು ಹೋದಾಗ ಅಯ್ಯೋ ದುಡ್ಡೆಲ್ಲ ಹೋಯ್ತಾ ಅನ್ಸೋದು ಅಷ್ಟೇ, ಯಾಕಂದ್ರೆ ಬಲೂನಿಗೆ ನೂರಿನ್ನೂರು ಆದ್ರೆ ಇದು ಬಿಲ್ಲಲ್ಲಿ ಸಾವಿರಗಳಲ್ಲಿತ್ತು. ಎರಡು ತಿಂಗಳಾದ್ಮೇಲೆ ನೋಡಿದಾಗ ಒಳಗೆ ಕ್ಲೀನಾಗಿತ್ತು.

ಹಂಗಂತ ಜೆಲ್ಲೇ ಗೆಲ್ತು ಅಂತ ನಾನು ಹೇಳಲ್ಲ. ಕಾಪರ್ ಟಿಗೆ ಸಿಕ್ಕಿದ್ದು ಗಟ್ಟಿ ಕೇಸು, ಬಲೂನಿಗೂ ಅದೇ, ಜೆಲ್ಲಿಗೆ ಸಿಕ್ಕಿದ್ದು ಬರೀ ಎರಡು ಮೂರು ಎಳೆ. ಮೂರರಲ್ಲಿ ಒಂದೇ ಸಿಗೋದು ಅಂದ್ರೆ ನಾನು ಬಲೂನೇ ಕೇಳ್ತೀನಿ, ಬೈಕೊಂಡೇ ಆದ್ರೂ. ಸಣ್ಣಪುಟ್ಟ ಅಂಟಿಗೆ, ರಜಾ ಸಿಗದೋರಿಗೆ ಜೆಲ್ ಚೆಂದ. ಎರಡನೇ ಇಣುಕುನೋಟಕ್ಕೆ ಡೇಟ್ ಕೊಡದೆ ಬರೀ ಜೆಲ್ ಹಾಕ್ತೀವಿ ಅಂದ್ರೆ ಮಾತ್ರ ನಾನು ಒಪ್ಪಲ್ಲ.

ಎರಡು ಸಲವೂ ಈಸ್ಟ್ರೋಜನ್ ಮಾತ್ರೆ ಕಾಮನ್, ಪದರ ಬೇಗ ಬೆಳೀಲಿ ಅಂತ, ಕೊನೆ ಹತ್ತು ದಿನ ಪ್ರೊಜೆಸ್ಟರಾನ್ ಸೇರಿಸಿ ಕೊಡ್ತಾರೆ, ನಿಲ್ಸಿದ್ಮೇಲೆ ಮುಟ್ಟಾಗುತ್ತೆ. ವಾಕರಿಕೆ, ಎದೆ ಭಾರ ಎರಡೂ ಇತ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ ಹಿಸ್ಟರಿ ಇರೋರು ಮೊದಲೇ ಹೇಳ್ಬಿಡಿ.

ಇನ್ನೊಂದು, ಅಬಾರ್ಷನ್ ಆಗಿ ಕ್ಲೀನ್ ಮಾಡಿಸ್ಬೇಕು ಅಂದ್ರೆ ಮಾತ್ರೇಲಿ ಆಗುತ್ತಾ, ಇಲ್ಲಾಂದ್ರೆ ಸಕ್ಷನ್ನಲ್ಲಿ ಮಾಡ್ತೀರಾ ಅಂತ ಬಾಯ್ಬಿಟ್ಟು ಕೇಳಿ, ಚೂಪು ಕ್ಯುರೆಟಲ್ಲಿ (ಚಮಚದಂಥ ಕೆರೆಯೋ ಸಾಧನ) ಕೆರೆಯೋದರ ಬದಲು ಅದನ್ನೇ ಮಾಡಿ ಅಂತ ಡಬ್ಲ್ಯೂಎಚ್‌ಒನೇ ಹೇಳುತ್ತೆ, ನಂಗೆ ಕೇಳ್ಬೇಕು ಅಂತಾನೇ ಗೊತ್ತಿರಲಿಲ್ಲ.

ಈಗ ಮುಟ್ಟು ಮೂರು ದಿನ ಆಗುತ್ತೆ. ಮುಂಚೆ ಐದಿತ್ತು. ಮುಂದೆ ಗರ್ಭ ನಿಂತ್ರೆ ಮಾಸು ಗೋಡೆಗೆ ಆಳವಾಗಿ ಅಂಟೋ ಭಯ ಇದೆ, ಅದಕ್ಕೆ ಸ್ಕ್ಯಾನಿಂಗಲ್ಲಿ ವಿಶೇಷವಾಗಿ ನೋಡ್ಬೇಕು ಅಂತ ಡಿಸ್ಚಾರ್ಜ್ ಸಮರಿಲೇ ಬರೆಸ್ಕೊಂಡಿದೀನಿ. ಹೋದ ತಿಂಗಳು ಎರಡನೇ ದಿನ ಮಧ್ಯಾಹ್ನಕ್ಕೇ ಪ್ಯಾಡ್ ಬದಲಾಯಿಸ್ಬೇಕಾಯ್ತು, ಅಮ್ಮಂಗೆ ಫೋನ್ ಮಾಡಿ ಹೇಳಿದೆ, ಅವ್ರು ಸಂಜೆ ಪಾಯಸ ಮಾಡಿದ್ರಂತೆ.